ಚಿನ್ನ ಸಿಗಲಿಲ್ಲ, ಕತೆ ಸಿಕ್ಕಿತು

ಪರವೂರಿಗೆ ದುಡಿಯಲು ಹೋದವನು ಮರಳಿ ಬಂದಾಗ ಊರಿನವರು ಮೊದಲು ನೋಡುವುದು ಅವನ ಮುಖವನ್ನಲ್ಲ, ಪೆಟ್ಟಿಗೆಯನ್ನು. ಮುಂಬಯಿಯ ಹೋಟೆಲಿನಿಂದ ಬಂದವನಿರಲಿ, ಕೊಲ್ಲಿ ನಾಡಿನಿಂದ ಬಂದವನಿರಲಿ, ‘ಏನು ತಂದ?’ ಎಂಬುದೇ ಮೊದಲ ಪ್ರಶ್ನೆ. ನಮ್ಮ ಕಡೆಯ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1898ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಓಕ್ಲೆಂಡ್ ಪಟ್ಟಣಕ್ಕೆ 22 ವರ್ಷದ ತರುಣನೊಬ್ಬ ಹೀಗೆಯೇ ಮರಳಿ ಬಂದ. ಹಿಂದಿನ ವರ್ಷ ಚಿನ್ನ ತರುತ್ತೇನೆಂದು ಉತ್ತರದ ಹಿಮಪ್ರದೇಶಕ್ಕೆ ಹೋಗಿದ್ದವನು. ಅವನ ಪ್ರಯಾಣದ ಖರ್ಚಿಗಾಗಿ ಮಲತಂದೆಯ ಮಗಳಾದ ಅಕ್ಕ ಎಲೈಜಾ ತನ್ನ ಮನೆಯನ್ನೇ ಅಡವಿಟ್ಟಿದ್ದಳು. ಆತ ತಂದ ಚಿನ್ನದ ಹುಡಿಯ ಬೆಲೆ ನಾಲ್ಕೂವರೆ ಡಾಲರ್ ಎಂದು ಪ್ರಸಿದ್ಧಿ. ಜತೆಗೆ ಸ್ಕರ್ವಿ ರೋಗದಿಂದ ಹಣ್ಣಾದ ಮೈ. ಮನೆಗೆ ಬಂದರೆ ಮಲತಂದೆ ತೀರಿಕೊಂಡಿದ್ದ. ಸಂಸಾರದ ಭಾರ ಇವನ ತಲೆಯ ಮೇಲೆ.

ಪೆಟ್ಟಿಗೆ ನೋಡಿದವರು ‘ಹೋದದ್ದೇ ದಂಡ’ ಎಂದಿರಬೇಕು. ಆದರೆ ಈ ತರುಣನೇ ಐದು ವರ್ಷಗಳಲ್ಲಿ ಜಗತ್ತಿನ ಅತ್ಯಂತ ಜನಪ್ರಿಯ ಸಾಹಸ ಕಾದಂಬರಿಕಾರರಲ್ಲಿ ಒಬ್ಬನಾದ. ಹೆಸರು ಜಾಕ್ ಲಂಡನ್. ಹೆಸರಿನಲ್ಲಿ ಲಂಡನ್ ಇದ್ದರೂ ಆತ ಹುಟ್ಟಿದ್ದು 1876ರ ಜನವರಿ 12ರಂದು, ಸಾನ್‌ಫ್ರಾನ್ಸಿಸ್ಕೋ ನಗರದಲ್ಲಿ.

ಸಾಹಸದ ಕತೆಯನ್ನು ಕುರ್ಚಿಯಲ್ಲಿ ಕುಳಿತು ಕಲ್ಪಿಸಿ ಬರೆಯಲು ಬರುವುದಿಲ್ಲವೇ? ಬರುತ್ತದೆ, ಹಾಗೆ ಬರೆದು ಗೆದ್ದವರೂ ಇದ್ದಾರೆ. ಆದರೆ ಜಾಕ್‌ನ ಕತೆಗಳನ್ನು ಓದುವಾಗ ನಮ್ಮ ಬೆರಳುಗಳೇ ಮರಗಟ್ಟಿದಂತಾಗುತ್ತದೆ. ಅದಕ್ಕೆ ಕಾರಣವನ್ನು ಅವನ ಕಲ್ಪನೆಯಲ್ಲಿ ಮಾತ್ರ ಹುಡುಕಿದರೆ ಸಾಲದು. ಅವನ ಬೆನ್ನಿನಲ್ಲಿಯೂ ಕೈಗಳಲ್ಲಿಯೂ ಹುಡುಕಬೇಕು.

ಒಂದು ಮೈಲಿಗೆ ಮೂವತ್ತೊಂಬತ್ತು ಮೈಲಿ

ಕೆನಡಾದ ವಾಯವ್ಯ ಮೂಲೆಯಲ್ಲಿ, ಅಲಾಸ್ಕಾಕ್ಕೆ ತಾಗಿಕೊಂಡು ಯೂಕಾನ್ ಎಂಬ ಪ್ರದೇಶವಿದೆ. ಅಲ್ಲಿಯ ಕ್ಲಾಂಡೈಕ್ ನದಿಯನ್ನು ಸೇರುವ ಒಂದು ತೊರೆಯಲ್ಲಿ 1896ರ ಆಗಸ್ಟಿನಲ್ಲಿ ಚಿನ್ನ ಕಂಡಿತು. ಮರುವರ್ಷದ ಜುಲೈಯಲ್ಲಿ ಚಿನ್ನ ಹೊತ್ತ ಹಡಗುಗಳು ಸಾನ್‌ಫ್ರಾನ್ಸಿಸ್ಕೋ ಮತ್ತು ಸಿಯಾಟಲ್ ರೇವುಗಳಿಗೆ ಬಂದದ್ದೇ ತಡ, ದೇಶಕ್ಕೆ ದೇಶವೇ ಹುಚ್ಚೆದ್ದಿತು. ಸುಮಾರು ಒಂದು ಲಕ್ಷ ಮಂದಿ ಮನೆ ಬಿಟ್ಟು ಹೊರಟರೆಂದು ಚರಿತ್ರೆಕಾರರ ಅಂದಾಜು. ಚಿನ್ನದ ಬೀಡಾದ ಡಾಸನ್ ಪಟ್ಟಣವನ್ನು ಮುಟ್ಟಿದವರು ಅವರಲ್ಲಿ ಅರ್ಧದಷ್ಟೂ ಅಲ್ಲ.

ಜಾಕ್ 1897ರ ಜುಲೈ 25ರಂದು ಅಕ್ಕನ ಗಂಡನ ಜತೆ ಹಡಗು ಹತ್ತಿದ. ಭಾವನಿಗೆ ವಯಸ್ಸು ಅರುವತ್ತರ ಹತ್ತಿರ. ಬೆಟ್ಟದ ದಾರಿ ಕಂಡು ಆತ ಹಿಂದೆ ತಿರುಗಿದ. ಜಾಕ್ ಬೇರೆ ಜತೆಗಾರರೊಡನೆ ಮುಂದುವರಿದ.

ದಾರಿಯಲ್ಲಿ ಚಿಲ್‌ಕೂಟ್ ಎಂಬ ಘಾಟಿ. ಎತ್ತರ ಸುಮಾರು 3,500 ಅಡಿ. ಎತ್ತರ ದೊಡ್ಡದಲ್ಲ ಎನ್ನಬಹುದು. ನಮ್ಮ ಸಹ್ಯಾದ್ರಿಯಲ್ಲಿ ಅದಕ್ಕಿಂತ ಎತ್ತರದ ಗುಡ್ಡಗಳು ಬೇಕಾದಷ್ಟಿವೆ. ಕಷ್ಟ ಇದ್ದದ್ದು ಹೊರೆಯಲ್ಲಿ. ಆಚೆ ಕಡೆ ಅಂಗಡಿಯಿಲ್ಲ, ಬೆಳೆಯಿಲ್ಲ. ಚಳಿಗಾಲ ಕಳೆಯಬೇಕಾದರೆ ಹಿಟ್ಟು, ಹಂದಿಮಾಂಸ, ಅವರೆ, ಸಕ್ಕರೆ, ಗರಗಸ, ಮೊಳೆ, ಕಂಬಳಿ ಎಲ್ಲವನ್ನೂ ಹೊತ್ತುಕೊಂಡೇ ಹೋಗಬೇಕು. ಒಬ್ಬೊಬ್ಬನಿಗೆ ಸುಮಾರು ಒಂದು ಟನ್ ಸಾಮಾನು. ಹಸಿವಿನಿಂದ ಜನ ಸಾಯಬಾರದೆಂದು ಕೆನಡಾದ ಪೊಲೀಸರು 1898ರಲ್ಲಿ ಒಂದು ವರ್ಷದ ಆಹಾರವಿಲ್ಲದವರನ್ನು ಗಡಿ ದಾಟಲು ಬಿಡುತ್ತಿರಲಿಲ್ಲ.

ಈಗ ಒಂದು ಮನೆಲೆಕ್ಕ ಮಾಡಿ ನೋಡೋಣ. ಎರಡು ಸಾವಿರ ಪೌಂಡು ಸಾಮಾನು. ಒಂದು ಸಲಕ್ಕೆ ನೂರು ಪೌಂಡು ಹೊರಬಲ್ಲ ಗಟ್ಟಿ ಆಳು. ಇಪ್ಪತ್ತು ಸಲ ಹೊತ್ತುಕೊಂಡು ಹೋಗಬೇಕು, ಹತ್ತೊಂಬತ್ತು ಸಲ ಬರಿಗೈಯಲ್ಲಿ ಹಿಂದೆ ಬರಬೇಕು. ಅಂದರೆ ಸಾಮಾನು ಒಂದು ಮೈಲಿ ಮುಂದೆ ಹೋಗುವುದಕ್ಕೆ ಮನುಷ್ಯ ಮೂವತ್ತೊಂಬತ್ತು ಮೈಲಿ ನಡೆಯಬೇಕು. ಅಡಿಕೆ ಮೂಟೆ ಹೊತ್ತು ಸಂಕ ದಾಟಿದವರಿಗೆ ಇದರ ಅರ್ಥ ತಟ್ಟನೆ ಆದೀತು.

ಈ ಲೆಕ್ಕ ಜಾಕ್‌ನ ಬೆನ್ನಿಗೆ ಗೊತ್ತಿತ್ತು. 1903ರಲ್ಲಿ ಬಂದ ‘ದಿ ಕಾಲ್ ಆಫ್ ದಿ ವೈಲ್ಡ್’ ಕಾದಂಬರಿಯಲ್ಲಿ ಪೇಟೆಯಿಂದ ಬಂದ ಮೂವರು ಅವಿವೇಕಿಗಳು ಇದ್ದಾರೆ. ಹಿಮದ ಮೇಲೆ ನಾಯಿಗಳು ಎಳೆಯುವ ಜಾರುಬಂಡಿಗೆ ಬೇಡದ ಸಾಮಾನೆಲ್ಲ ಹೇರುತ್ತಾರೆ. ಬಂಡಿ ಅಲುಗದಿದ್ದಾಗ ನಾಯಿಗಳ ಸಂಖ್ಯೆಯನ್ನು ಹದಿನಾಲ್ಕಕ್ಕೆ ಏರಿಸುತ್ತಾರೆ. ಹೆಚ್ಚು ನಾಯಿ ಎಂದರೆ ಹೆಚ್ಚು ಬಲ ಎಂದು ಅವರ ಎಣಿಕೆ. ಆದರೆ ಹದಿನಾಲ್ಕು ನಾಯಿಗಳಿಗೆ ಬೇಕಾದ ಆಹಾರವನ್ನು ಒಂದು ಬಂಡಿಯಲ್ಲಿ ಒಯ್ಯಲಾಗದು! ಅರ್ಧ ದಾರಿಯಲ್ಲಿ ಆಹಾರ ಮುಗಿಯುತ್ತದೆ, ನಾಯಿಗಳು ಒಂದೊಂದಾಗಿ ಸಾಯುತ್ತವೆ. ಮನುಷ್ಯನ ಮೂರ್ಖತನವನ್ನು ತೋರಿಸಲು ಜಾಕ್ ದೊಡ್ಡ ಭಾಷಣ ಮಾಡಲಿಲ್ಲ. ಹೊರೆಯ ಲೆಕ್ಕವೊಂದನ್ನೇ ಮುಂದಿಟ್ಟ.

ಚಳಿಗಾಲದ ಗುಡಿಸಲು

ಘಾಟಿ ದಾಟಿ, ಸರೋವರದ ದಡದಲ್ಲಿ ಮರ ಕಡಿದು ದೋಣಿ ಕಟ್ಟಿ, ಅಪಾಯದ ಸುಳಿಗಳನ್ನು ದಾಟಿ ಆತನ ಗುಂಪು ಅಕ್ಟೋಬರಿನಲ್ಲಿ ಯೂಕಾನ್ ನದಿಗೆ ಸ್ಟುವರ್ಟ್ ನದಿ ಸೇರುವ ಜಾಗಕ್ಕೆ ತಲಪಿತು. ಡಾಸನ್ ಪಟ್ಟಣ ಅಲ್ಲಿಂದ ಇನ್ನೂ ಸುಮಾರು 80 ಮೈಲಿ. ಹತ್ತಿರದ ಹೆಂಡರ್ಸನ್ ತೊರೆಯಲ್ಲಿ ಜಾಕ್ ಒಂದು ಗಣಿ ಹಕ್ಕು ಗುರುತಿಸಿ, ಡಾಸನ್‌ಗೆ ಹೋಗಿ ನವೆಂಬರ್ 5ರಂದು ನೋಂದಾಯಿಸಿದ. ಆ ಜಾಗದಿಂದ ಅವನಿಗೆ ಚಿನ್ನ ದಕ್ಕಲಿಲ್ಲ.

ನದಿ ಹೆಪ್ಪುಗಟ್ಟಿದ ಮೇಲೆ ಹೊರಗಿನ ಲೋಕದ ಬಾಗಿಲು ಮುಚ್ಚಿದಂತೆಯೇ. ಮರದ ದಿಮ್ಮಿಯ ಗುಡಿಸಲಿನಲ್ಲಿ ತಿಂಗಳುಗಟ್ಟಲೆ ಕುಳಿತಿರಬೇಕು. ಹೊರಗೆ ಕತ್ತಲೆ, ಒಳಗೆ ಒಲೆ. ಗಣಿಗಾರರು, ಬೇಟೆಗಾರರು, ಟಪ್ಪಾಲು ಒಯ್ಯುವವರು, ಹಳೆಯ ನಾವಿಕರು ಬಂದು ಹೋಗುತ್ತಿದ್ದರು. ನಮ್ಮಲ್ಲಿ ಮಳೆಗಾಲದ ರಾತ್ರಿ ಜಗಲಿಯಲ್ಲಿ ಹೇಗೆ ಮಾತು ಬೆಳೆಯುತ್ತದೋ ಅಲ್ಲಿಯೂ ಹಾಗೆ. ಡಾರ್ವಿನ್ನನ ‘ಒರಿಜಿನ್ ಆಫ್ ಸ್ಪೀಷೀಸ್’ ಮತ್ತು ಮಿಲ್ಟನ್ ಕವಿಯ ‘ಪ್ಯಾರಡೈಸ್ ಲಾಸ್ಟ್’ ಎಂಬ ಎರಡು ಪುಸ್ತಕಗಳನ್ನು ಆ ಹೊರೆಯ ನಡುವೆಯೂ ಆತ ಹೊತ್ತು ತಂದಿದ್ದ. ಓದುತ್ತಿದ್ದ, ವಾದ ಮಾಡುತ್ತಿದ್ದ, ಎಲ್ಲಕ್ಕಿಂತ ಹೆಚ್ಚಾಗಿ ಕೇಳುತ್ತಿದ್ದ.

ಇಲ್ಲೊಂದು ಮಾತನ್ನು ಗಮನಿಸಬೇಕು. ಜಾಕ್ ಅಲ್ಲಿಗೆ ಕಾದಂಬರಿಗೆ ಸಾಮಗ್ರಿ ಸಂಗ್ರಹಿಸಲು ಹೋದವನಲ್ಲ. ಹೋದದ್ದು ಹೊಟ್ಟೆಪಾಡಿಗೆ. ಆದರೆ ಕಣ್ಣು ಕಿವಿಗಳನ್ನು ತೆರೆದಿಟ್ಟುಕೊಂಡಿದ್ದ. ಅದೇ ಗುಡಿಸಲಿನಲ್ಲಿ ಅವನ ಜತೆ ಚಳಿ ಕಾಯಿಸಿದವರೂ ಅದೇ ಮಾತುಗಳನ್ನು ಕೇಳಿದ್ದರು, ಬರೆದವನು ಅವನು.

ಡಾಸನ್ನಿನಲ್ಲಿ ಆತ ಡೇರೆ ಹಾಕಿದ್ದು ಕ್ಯಾಲಿಫೋರ್ನಿಯದ ಸಾಂತಾ ಕ್ಲಾರಾದಿಂದ ಬಂದ ಬಾಂಡ್ ಎಂಬ ಸೋದರರ ಗುಡಿಸಲಿನ ಪಕ್ಕದಲ್ಲಿ. ಅವರ ಬಳಿ ಒಂದು ದೊಡ್ಡ ನಾಯಿ ಇತ್ತು: ಸೇಂಟ್ ಬರ್ನಾರ್ಡ್ ಮತ್ತು ಕೋಲಿ ಜಾತಿಗಳ ಮಿಶ್ರ ತಳಿ. ಆ ನಾಯಿಯೊಡನೆ ಜಾಕ್‌ನ ಸ್ನೇಹ ಬೆಳೆಯಿತು. ‘ದಿ ಕಾಲ್ ಆಫ್ ದಿ ವೈಲ್ಡ್’ ಕಾದಂಬರಿಯ ನಾಯಕ ಬಕ್ ಎಂಬ ನಾಯಿಗೆ ಅದೇ ಮೂಲ. ಜಾಕ್ ಮುಂದೆ ಆ ಸೋದರರಲ್ಲಿ ಒಬ್ಬನಿಗೆ ಪತ್ರ ಬರೆದು ಇದನ್ನು ಒಪ್ಪಿಕೊಂಡ. ಕತೆಯ ಆರಂಭದಲ್ಲಿ ಬರುವ ನ್ಯಾಯಾಧೀಶನ ತೋಟಕ್ಕೂ ಆ ಸೋದರರ ತಂದೆಯ ತೋಟವೇ ಮಾದರಿ.

ವಸಂತ ಬರುವ ಹೊತ್ತಿಗೆ ಹಸಿ ತರಕಾರಿ, ಹಣ್ಣು ಕಾಣದ ದೇಹ ಸೋತಿತು. ಸಿ ಜೀವಸತ್ವದ ಕೊರತೆಯಿಂದ ಬರುವ ಸ್ಕರ್ವಿ ತಗಲಿ ವಸಡು ಊದಿ ರಕ್ತ ಬಂತು, ಕಾಲು ಸೆಟೆದುಕೊಂಡಿತು. 1898ರ ಜೂನಿನಲ್ಲಿ ಇಬ್ಬರು ಜತೆಗಾರರೊಡನೆ ಒಂದು ತೆರೆದ ದೋಣಿಯಲ್ಲಿ ಕುಳಿತು ಯೂಕಾನ್ ನದಿಯಲ್ಲಿ 1,500 ಮೈಲಿಗೂ ಹೆಚ್ಚು ದೂರ ತೇಲಿ ಸಮುದ್ರ ಸೇರಿದ. ರೋಗದ ನಡುವೆಯೂ ಆ ಯಾನದಲ್ಲಿ ಟಿಪ್ಪಣಿ ಬರೆದಿಟ್ಟ. ಮುಂದೆ ಹಡಗಿನ ಒಲೆಗೆ ಕಲ್ಲಿದ್ದಲು ಹಾಕುವ ಕೆಲಸ ಮಾಡಿ ಪ್ರಯಾಣ ಮುಗಿಸಿದ.

ಐದು ಡಾಲರಿನ ಕತೆ

ಮನೆಗೆ ಬಂದ ಮೇಲಿನ ಸಾಹಸ ಬೇರೆಯದು. ಬರೆದ ಕತೆಗಳು ಕಳುಹಿಸಿದಷ್ಟೇ ವೇಗದಲ್ಲಿ ಹಿಂದೆ ಬರುತ್ತಿದ್ದವು. ಕೊನೆಗೆ ಕ್ಲಾಂಡೈಕಿನ ಒಂದು ಕತೆ ‘ಓವರ್‌ಲ್ಯಾಂಡ್ ಮಂತ್ಲಿ’ ಎಂಬ ಮಾಸಪತ್ರಿಕೆಯ 1899ರ ಜನವರಿ ಸಂಚಿಕೆಯಲ್ಲಿ ಬಂತು. ಸಂಭಾವನೆ ಐದು ಡಾಲರ್. ಮರುವರ್ಷವೇ ಪ್ರತಿಷ್ಠಿತ ‘ಅಟ್ಲಾಂಟಿಕ್ ಮಂತ್ಲಿ’ ಇನ್ನೊಂದು ಉತ್ತರದ ಕತೆಗೆ 120 ಡಾಲರ್ ಕೊಟ್ಟಿತು. 1903ರಲ್ಲಿ ಬಕ್ ನಾಯಿಯ ಕತೆಯನ್ನು ಪತ್ರಿಕೆಯೊಂದು 750 ಡಾಲರಿಗೆ ಕೊಂಡು ಧಾರಾವಾಹಿಯಾಗಿ ಪ್ರಕಟಿಸಿತು. ಪುಸ್ತಕದ ಹಕ್ಕನ್ನು ಪ್ರಕಾಶಕರು 2,000 ಡಾಲರಿಗೆ ಪಡೆದರು. ಪುಸ್ತಕದಿಂದ ಬಂದ ಲಾಭವೆಲ್ಲ ಪ್ರಕಾಶಕರಿಗೆ. ಜಾಕ್‌ಗೆ ಬಂದದ್ದು ಕೀರ್ತಿ.

ಕತೆ ಬರೆಯುವ ಅಭ್ಯಾಸ ಅವನಿಗೆ ಇದ್ದಕ್ಕಿದ್ದಂತೆ ಬಂದದ್ದೂ ಅಲ್ಲ. 17ರ ವಯಸ್ಸಿನಲ್ಲಿ, 1893ರಲ್ಲಿ, ಸೀಲ್ ಪ್ರಾಣಿಗಳನ್ನು ಬೇಟೆಯಾಡುವ ಹಡಗಿನಲ್ಲಿ ನಾವಿಕನಾಗಿ ಜಪಾನಿನ ಸಮುದ್ರಕ್ಕೆ ಹೋಗಿ ಬಂದಿದ್ದ. ಆಗ ಊರಿನ ಪತ್ರಿಕೆಯೊಂದು ತರುಣರಿಗಾಗಿ ಬರಹದ ಸ್ಪರ್ಧೆ ಏರ್ಪಡಿಸಿತು. ‘ನೀನು ಕಂಡದ್ದನ್ನು ಬರೆ’ ಎಂದು ಹುರಿದುಂಬಿಸಿದವಳು ತಾಯಿ. ಕಡಲಿನಲ್ಲಿ ತಾನು ಎದುರಿಸಿದ ಬಿರುಗಾಳಿಯನ್ನು ಆತ ಬರೆದ; ಮೊದಲ ಬಹುಮಾನ 25 ಡಾಲರ್ ಬಂತು. ಅದೇ ಸಮುದ್ರಯಾನ 1904ರಲ್ಲಿ ‘ದಿ ಸೀ ವುಲ್ಫ್’ ಎಂಬ ಕಾದಂಬರಿಯಾಗಿ ಬೆಳೆಯಿತು.

ಬೆಂಕಿಕಡ್ಡಿಯ ಪರೀಕ್ಷೆ

ಅನುಭವ ಹೇಗೆ ಕತೆಯಾಗುತ್ತದೆ ಎಂಬುದಕ್ಕೆ ‘ಟು ಬಿಲ್ಡ್ ಎ ಫೈರ್’ ಎಂಬ ಸಣ್ಣ ಕತೆಗಿಂತ ಒಳ್ಳೆಯ ಉದಾಹರಣೆ ಬೇಡ. ಈ ಕತೆಯನ್ನು ಆತ ಎರಡು ಸಲ ಬರೆದಿದ್ದಾನೆ.

ಒಬ್ಬ ಮನುಷ್ಯ ಕಡುಚಳಿಯಲ್ಲಿ ಒಂಟಿಯಾಗಿ ಹೊರಟಿದ್ದಾನೆ. ಒಂಟಿಯಾಗಿ ಹೋಗಬೇಡ ಎಂದು ಹಿರಿಯರು ಹೇಳಿದ್ದನ್ನು ಕೇಳಿಲ್ಲ. ಮಂಜುಗಡ್ಡೆಯ ಕೆಳಗೆ ಹೆಪ್ಪುಗಟ್ಟದ ಊಟೆಯ ನೀರಿದೆ. ಮೇಲಿನ ಪದರ ಒಡೆದು ಕಾಲು ನೆನೆಯುತ್ತದೆ. ಆ ಚಳಿಯಲ್ಲಿ ಕಾಲು ನೆನೆಯುವುದೆಂದರೆ ಸಾವು ಹೆಗಲೇರಿದಂತೆ. ಕೂಡಲೇ ಬೆಂಕಿ ಹಾಕಿ ಕಾಲು ಒಣಗಿಸಬೇಕು. 1902ರಲ್ಲಿ ಮಕ್ಕಳ ಪತ್ರಿಕೆಗೆ ಬರೆದ ಮೊದಲ ಪಾಠದಲ್ಲಿ ಆ ಮನುಷ್ಯ ಕೈಕಾಲಿಗೆ ಪೆಟ್ಟಾದರೂ ಬದುಕಿ ಬರುತ್ತಾನೆ, ಬುದ್ಧಿ ಕಲಿಯುತ್ತಾನೆ. ಕತೆ ನೀತಿಪಾಠವಾಗಿ ಮುಗಿಯುತ್ತದೆ.

1908ರಲ್ಲಿ ಅದೇ ಕತೆಯನ್ನು ದೊಡ್ಡವರಿಗಾಗಿ ಹೊಸತಾಗಿ ಬರೆದ. ಈ ಸಲ ಆ ಮನುಷ್ಯ ಹೋಗುತ್ತಿರುವುದು ಜಾಕ್ ಸ್ವತಃ ಗಣಿ ಹಕ್ಕು ಹಿಡಿದಿದ್ದ ಹೆಂಡರ್ಸನ್ ತೊರೆಯ ಕಡೆಗೆ! ಚಳಿ ಸೊನ್ನೆಗಿಂತ 75 ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ. ಸೆಲ್ಸಿಯಸ್ ಲೆಕ್ಕದಲ್ಲಿ ಸುಮಾರು ಮೈನಸ್ 59. ಉಗುಳಿದರೆ ಉಗುಳು ನೆಲ ಮುಟ್ಟುವ ಮೊದಲೇ ಗಡ್ಡೆಕಟ್ಟಿ ಚಟ್ ಎನ್ನುತ್ತದೆ. ಆತ ಮರದ ಕೆಳಗೆ ಬೆಂಕಿ ಹಾಕುತ್ತಾನೆ. ಉರುವಲಿಗಾಗಿ ಪುಳ್ಳೆ ಎಳೆಯುವಾಗ ಮರ ಸ್ವಲ್ಪ ಸ್ವಲ್ಪವೇ ಅಲುಗಿ, ಕೊಂಬೆಯ ಹಿಮವೆಲ್ಲ ಜಾರಿ ಬಿದ್ದು ಬೆಂಕಿ ಆರುತ್ತದೆ. ಮರಗಟ್ಟಿದ ಬೆರಳುಗಳಿಗೆ ಬೆಂಕಿಕಡ್ಡಿ ಹಿಡಿಯಲು ಬರುವುದಿಲ್ಲ. ಎರಡೂ ಅಂಗೈಗಳ ನಡುವೆ ಕಡ್ಡಿಗಳ ಕಟ್ಟನ್ನೇ ಒತ್ತಿ ಗೀರುತ್ತಾನೆ. ಕೈ ಸುಡುತ್ತದೆ, ಬೆಂಕಿ ನಿಲ್ಲುವುದಿಲ್ಲ. ಆತ ಸಾಯುತ್ತಾನೆ. ಜತೆಗಿದ್ದ ನಾಯಿ ಮಾತ್ರ ಎದ್ದು, ಬೆಂಕಿ ಮತ್ತು ಆಹಾರ ಇರುವ ಬಿಡಾರದ ಕಡೆಗೆ ಓಡುತ್ತದೆ.

ಇಲ್ಲಿ ಖಳನಾಯಕನಿಲ್ಲ, ಹುಲಿಯಿಲ್ಲ, ಬಂದೂಕಿಲ್ಲ. ಬೆಂಕಿ ಹಾಕುವ ಕೆಲಸವೊಂದೇ. ಮನೆಯಲ್ಲಿ ಒಲೆ ಹೊತ್ತಿಸಿದವರಿಗೆಲ್ಲ ಗೊತ್ತಿರುವ ಕೆಲಸ. ಆದರೆ ಯಾವ ಬೆರಳು ಮೊದಲು ಸೋಲುತ್ತದೆ, ಯಾವ ಕೊಂಬೆಯ ಹಿಮ ಬೀಳುತ್ತದೆ ಎಂಬುದನ್ನು ಚಳಿಗಾಲವೊಂದನ್ನು ಆ ನಾಡಿನಲ್ಲಿ ಕಳೆದವನಷ್ಟೇ ಈ ಬಗೆಯಲ್ಲಿ ಬರೆದಾನು. ಮೊದಲ ಪಾಠದಲ್ಲಿ ಲೇಖಕ ಮನುಷ್ಯನಿಗೆ ದಯೆ ತೋರಿಸಿದ. ಎರಡನೆಯದರಲ್ಲಿ ಚಳಿಗೆ ತನ್ನ ನಿಯಮದಂತೆ ನಡೆಯಲು ಬಿಟ್ಟ. ಓದುಗರು ಇಂದಿಗೂ ನೆನಪಿಟ್ಟಿರುವುದು ಎರಡನೆಯದನ್ನು.

ಕಂಡದ್ದು, ಓದಿದ್ದು, ಕಾಣದೆ ಉಳಿದದ್ದು

ಹಾಗೆಂದು ಕಣ್ಣಿನಿಂದ ಕಂಡದ್ದು ಮಾತ್ರ ಸಾಕಾಯಿತೇ? ಇಲ್ಲ. ಎಗರ್ಟನ್ ಯಂಗ್ ಎಂಬಾತ 1902ರಲ್ಲಿ ತನ್ನ ಬಂಡಿನಾಯಿಗಳ ಬಗ್ಗೆ ಒಂದು ಪುಸ್ತಕ ಬರೆದಿದ್ದ. ಬಕ್‌ನ ಕತೆಯಲ್ಲಿ ಅದರಿಂದ ಕದ್ದದ್ದಿದೆ ಎಂಬ ಆರೋಪ 1907ರಲ್ಲಿ ಬಂತು. ಆ ಪುಸ್ತಕವನ್ನು ಬಳಸಿಕೊಂಡದ್ದು ನಿಜ, ಅದು ಕತೆಯಲ್ಲ, ಮಾಹಿತಿಯ ಆಕರ ಎಂದು ಜಾಕ್ ಬಹಿರಂಗವಾಗಿ ಉತ್ತರಿಸಿದ. ಅದೇ ವರ್ಷ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್, ಬೇಟೆಯಲ್ಲಿ ಪಳಗಿದವನು, ಜಾಕ್‌ನ ‘ವೈಟ್ ಫ್ಯಾಂಗ್’ ಕಾದಂಬರಿಯ ಕಾದಾಟದ ಚಿತ್ರಣ ಪ್ರಕೃತಿಗೆ ದೂರ ಎಂದು ಟೀಕಿಸಿದ. ಜಾಕ್ ಲೇಖನ ಬರೆದು ಎದುರುತ್ತರ ಕೊಟ್ಟ. ನಾಯಿ ತೋಳಗಳ ಕತೆಗಾಗಿ ದೇಶದ ಅಧ್ಯಕ್ಷನೂ ಕಾದಂಬರಿಕಾರನೂ ಜಗಳಾಡಿದ್ದು ಅಂದಿನ ಪತ್ರಿಕೆಗಳಿಗೆ ದೊಡ್ಡ ಸುದ್ದಿ.

ಪ್ರವಾಸ ಕಲಿಸದೆ ಬಿಟ್ಟದ್ದೂ ಇದೆ. ನಾಯಿಯ ಮನಸ್ಸನ್ನು ಅಷ್ಟು ಹತ್ತಿರದಿಂದ ಕಂಡವನು ಆ ನಾಡಿನ ಮೂಲನಿವಾಸಿಗಳನ್ನು ಅದೇ ಕಣ್ಣಿನಿಂದ ಕಾಣಲಿಲ್ಲ. ‘ದಿ ಕಾಲ್ ಆಫ್ ದಿ ವೈಲ್ಡ್’ನ ಕೊನೆಯಲ್ಲಿ ಬರುವ ಬುಡಕಟ್ಟು ಬರೇ ಕಲ್ಪನೆಯದು. ಬಿಳಿಯರೇ ಮೇಲು ಎಂಬ ಅಂದಿನ ದುರಭಿಮಾನ ಅವನ ಬರಹದಲ್ಲಿ ಅಲ್ಲಲ್ಲಿ ಇಣುಕುತ್ತದೆ. ಕಾಲು ದೂರ ಹೋದಷ್ಟು ಮನಸ್ಸು ಹೋಗಿರಲಿಲ್ಲ. ಇದನ್ನೂ ಹೇಳದಿದ್ದರೆ ಮಾತು ಅರ್ಧವಾದೀತು.

ಹೆಸರು ಬಂದ ಮೇಲೂ ಆತ ಕುರ್ಚಿಗೆ ಅಂಟಿಕೊಳ್ಳಲಿಲ್ಲ. 1907ರ ಏಪ್ರಿಲಿನಲ್ಲಿ ‘ಸ್ನಾರ್ಕ್’ ಎಂಬ ತನ್ನದೇ ಹಾಯಿದೋಣಿಯಲ್ಲಿ ಏಳು ವರ್ಷಗಳ ವಿಶ್ವಯಾನಕ್ಕೆಂದು ಹೊರಟ. ದೋಣಿಗೆ ತಗಲಿದ ವೆಚ್ಚ ಸುಮಾರು 30,000 ಡಾಲರ್. ಕಡಲಿಗಿಳಿದ ಮೇಲೆ ದಾರಿ ಕಂಡುಹಿಡಿಯುವ ವಿದ್ಯೆ ಜತೆಗಾರನಿಗೆ ಬಾರದೆಂದು ತಿಳಿದು, ಪುಸ್ತಕ ಮುಂದಿಟ್ಟುಕೊಂಡು ತಾನೇ ಕಲಿತ. ಹವಾಯಿ, ಮಾರ್ಕೆಸಸ್, ಸಾಲೊಮನ್ ದ್ವೀಪಗಳನ್ನು ಕಂಡ. ರೋಗಕ್ಕೆ ತುತ್ತಾಗಿ 1908ರ ಕೊನೆಗೆ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಆಸ್ಪತ್ರೆ ಸೇರಿ ಯಾನವನ್ನು ಕೈಬಿಟ್ಟ. ಅಲ್ಲಿಂದಲೂ ಬರಿಗೈಯಲ್ಲಿ ಬರಲಿಲ್ಲ. ದಕ್ಷಿಣ ಸಮುದ್ರದ ಕತೆಗಳ ಸಂಕಲನವೇ ಬಂತು. ದಿನಕ್ಕೆ ಸಾವಿರ ಪದ ಬರೆಯುವ ನೇಮವನ್ನು ಪ್ರಯಾಣದಲ್ಲಿಯೂ ಪಾಲಿಸುತ್ತಿದ್ದ. 1916ರ ನವೆಂಬರ್ 22ರಂದು, 40ರ ವಯಸ್ಸಿನಲ್ಲಿ ತೀರಿಕೊಂಡಾಗ ಐವತ್ತರಷ್ಟು ಪುಸ್ತಕಗಳನ್ನು ಬಿಟ್ಟುಹೋಗಿದ್ದ.

ಆತ ಚಳಿಗಾಲ ಕಳೆದ ಗುಡಿಸಲು ಏನಾಯಿತು? ಅವನ ಹೆಸರು ಗೀಚಿದ್ದ ಮರದ ತುಂಡಿನ ಜಾಡು ಹಿಡಿದು ಆಸಕ್ತರು ಹೆಂಡರ್ಸನ್ ತೊರೆಯಲ್ಲಿ ಅದನ್ನು ಪತ್ತೆಹಚ್ಚಿದರು. 1969ರಲ್ಲಿ ಅದನ್ನು ಬಿಚ್ಚಿ, ದಿಮ್ಮಿಗಳನ್ನು ಹಂಚಿಕೊಂಡು ಎರಡು ಗುಡಿಸಲು ಕಟ್ಟಿದರು. ಒಂದು ಡಾಸನ್ನಿನಲ್ಲಿದೆ, ಇನ್ನೊಂದು ಅವನ ಊರಾದ ಓಕ್ಲೆಂಡಿನಲ್ಲಿ. ಗೋಡೆಯ ಮೇಲಿನ ಆ ಬರಹದಲ್ಲಿ ತನ್ನ ಹೆಸರಿನ ಮುಂದೆ ಆತ ಹಾಕಿಕೊಂಡಿದ್ದ ಬಿರುದು ಎರಡು: ಗಣಿಗಾರ, ಲೇಖಕ. ತಾರೀಕು 1898ರ ಜನವರಿ 27. ಕ್ಲಾಂಡೈಕಿನ ಒಂದು ಕತೆಯೂ ಆಗ ಅಚ್ಚಾಗಿರಲಿಲ್ಲ!

ನಮ್ಮ ಜಗಲಿಯ ಮಾತು

ಇಷ್ಟು ದೂರದ ಕತೆಯನ್ನು ಇಲ್ಲಿ ಹೇಳಲು ಕಾರಣವಿದೆ. ನಮ್ಮ ಊರುಗಳಿಂದ ಹೊರಟವರೇನು ಕಡಿಮೆಯೇ? ಹತ್ತು ಹನ್ನೆರಡರ ವಯಸ್ಸಿನಲ್ಲಿ ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿಶಾಲೆಯಲ್ಲಿ ಕಲಿತವರಿದ್ದಾರೆ. ಮರುಭೂಮಿಯ ಬಿಸಿಲಿನಲ್ಲಿ ಕಟ್ಟಡ ಕಟ್ಟಿದವರಿದ್ದಾರೆ, ಹಡಗಿನಲ್ಲಿ ದುಡಿದವರಿದ್ದಾರೆ, ಘಟ್ಟದ ಮೇಲಿನ ತೋಟಗಳಲ್ಲಿ ಮಲೇರಿಯದ ಜತೆ ಹೋರಾಡಿದವರಿದ್ದಾರೆ. ಅವರು ತಂದ ಪೆಟ್ಟಿಗೆಯನ್ನು ನಾವು ಬಿಚ್ಚಿ ನೋಡಿದ್ದೇವೆ. ಅವರ ಬಾಯಿ ಬಿಡಿಸಿ ಕೇಳಿದವರೆಷ್ಟು ಮಂದಿ?

ಹೊರೆ ಹೇಗೆ ಹೊರುತ್ತಿದ್ದರು, ಎಷ್ಟು ಮಂದಿ ಒಂದು ಕೋಣೆಯಲ್ಲಿ ಮಲಗುತ್ತಿದ್ದರು, ಮೊದಲ ಸಂಬಳ ಎಷ್ಟು, ಮನೆಗೆ ಪತ್ರ ಬರೆಯಲು ಯಾರು ಕಲಿಸಿದರು; ಇಂಥ ಸಣ್ಣ ವಿವರಗಳಿಂದಲೇ ದೊಡ್ಡ ಕತೆ ಕಟ್ಟಿಕೊಳ್ಳುತ್ತದೆ. ಇಂದು ನಮ್ಮ ಅನೇಕ ಮನೆಗಳಲ್ಲಿ ಅಜ್ಜ ಮಾತಾಡುವ ಕನ್ನಡ ಮೊಮ್ಮಗನಿಗೆ ಅರ್ಥವಾದರೂ ಅದನ್ನು ಬರೆಯಲು ಆತ ತಡವರಿಸುತ್ತಾನೆ. ಶಾಲೆಯಲ್ಲಿ ಬೇರೆ ಭಾಷೆ, ಪೇಟೆಯಲ್ಲಿ ಬೇರೆ ಭಾಷೆ. ಹೇಳುವವರು ಇದ್ದಾರೆ, ಬರೆದುಕೊಳ್ಳುವವರು ಕಡಿಮೆಯಾಗುತ್ತಿದ್ದಾರೆ. ಅಜ್ಜ ಹೋದರೆ ಆ ಸಾಹಸದ ಜತೆಗೆ ಅದನ್ನು ಹೇಳುವ ಮಾತುಗಳೂ ಹೋಗುತ್ತವೆ.

ಎಲ್ಲರೂ ಜಾಕ್ ಲಂಡನ್ ಆಗಬೇಕಾಗಿಲ್ಲ. ಈ ಮಳೆಗಾಲ ಒಂದು ಸಂಜೆ ಮನೆಯ ಹಿರಿಯರ ಹತ್ತಿರ ಕುಳಿತು, ಒಂದು ನೋಟುಪುಸ್ತಕ ತೆರೆದು, ‘ನೀವು ಮೊದಲ ಸಲ ಊರು ಬಿಟ್ಟದ್ದು ಹೇಗೆ?’ ಎಂದು ಕೇಳಿದರೆ ಸಾಕು. ಅವನಿಗೆ ಬಹುಮಾನ ತಂದುಕೊಟ್ಟದ್ದೂ ತಾಯಿ ಹೇಳಿದ ಅಂಥದೇ ಒಂದು ಮಾತು.